ಮಾಮಿಯ ಮಂಚದ ಕಾಲು

ನನ್ನ ಅತ್ತೆಯ ಸೊಂಟದ ಮೂಳೆ ಮುರಿದದ್ದು ಮೆಟ್ಟಿಲಿಂದ ಬಿದ್ದದ್ದಕ್ಕಲ್ಲ, ನನ್ನ ಮಾತು ಕೇಳದ್ದಕ್ಕೆ. ಮಂಜಿಗೆ ಮೆಟ್ಟಿಲು ಒದ್ದೆಯಾಗಿದೆ, ಸ್ವಲ್ಪ ಬಿಸಿಲು ಬರಲಿ ಎಂದು ನಾನು ಒಲೆಯ ಮುಂದಿನಿಂದಲೇ ಕೂಗಿ ಹೇಳಿದ್ದೆ. "ನೀ ಈ ಮನೆಗೆ ಬರೋ ಮುಂಚಿಂದ ಈ ಮೆಟ್ಟಿಲು ಎನ್ನ ಬಲ್ಲದು" ಎಂದು ಹೇಳಿ ಕಾಲಿಟ್ಟರು. ಮೆಟ್ಟಿಲು ಗುರುತು ಹಿಡಿಯಲಿಲ್ಲ. ಊಟಿಯ ಆಸ್ಪತ್ರೆಯಲ್ಲಿ ನೋಡಿ, ಕೊಯಮತ್ತೂರಿಗೆ ಕಳಿಸಿ, ಅಲ್ಲಿ ಸೊಂಟದೊಳಗೆ ಲೋಹದ ಗುಂಡು ಕೂರಿಸಿ ಮನೆಗೆ ಕಳಿಸಿಕೊಟ್ಟರು. ಹೊರಡುವಾಗ ಡಾಕ್ಟರು ಬೆರಳೆತ್ತಿ ಹೇಳಿದ್ದು ಇಷ್ಟೇ: ಇನ್ನು ಮೇಲೆ ನೆಲದ ಮೇಲೆ ಮಲಗುವುದೂ ಇಲ್ಲ, ಕುಕ್ಕರಗಾಲಲ್ಲಿ ಕೂರುವುದೂ ಇಲ್ಲ.

ಊಟಿಯಿಂದ ನಡುವಟ್ಟಂ ಕಡೆಗೆ ಹೋಗುವ ರಸ್ತೆಯಿಂದ ಕೆಳಗಿಳಿದರೆ ನಮ್ಮ ಹಟ್ಟಿ. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಸುತ್ತ ನಮ್ಮ ನಮ್ಮ ತುಂಡು ಚಹಾ ತೋಟ. ಮನೆ ಮಾತು ಬಡಗ. ಅತ್ತೆಯನ್ನು ನಾವು ಮಾಮಿ ಅನ್ನುತ್ತೇವೆ. ಇಲ್ಲಿ ಎಲ್ಲರ ಮಾತನ್ನೂ ಓದುವವರಿಗೆ ತಿಳಿಯುವ ಹಾಗೆ ತಿರುಗಿಸಿ ಬರೆದಿದ್ದೇನೆ. ಮಾಮಿಯ ಬೈಗುಳಗಳನ್ನು ಮಾತ್ರ ಬರೆಯದೆ ಬಿಟ್ಟಿದ್ದೇನೆ, ತಿರುಗಿಸಿದರೆ ಅವುಗಳ ಖಾರ ಹೋಗಿಬಿಡುತ್ತದೆ.

ಹುಟ್ಟಿದಾರಭ್ಯ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಕಂಬಳಿ ಹಾಸಿ ಮಲಗಿದವರು ಮಾಮಿ. ಅವರಿಗಾಗಿ ನೆಂಟರ ಮನೆಯಿಂದ ಮಡಿಚುವ ಕಬ್ಬಿಣದ ಮಂಚವೊಂದನ್ನು ತಂದೆವು. ಅದರ ಪಟ್ಟಿಗಳು ಸಡಿಲವಾಗಿ ನಡುವೆ ಗುಂಡಿ ಬಿದ್ದಿತ್ತು. ಮಲಗಿದರೆ ಮಾಮಿ ಆ ಗುಂಡಿಯೊಳಗೆ ಇಳಿದು ಹೋಗುತ್ತಿದ್ದರು, ಮೇಲೆ ಮೂಗು ಮಾತ್ರ ಕಾಣುತ್ತಿತ್ತು. ಎತ್ತಿ ಕೂರಿಸಲು ನಾನೇ ಬೇಕು, ಬಚ್ಚಲಿಗೆ ಕರೆದೊಯ್ಯಲು ನಾನೇ ಬೇಕು, ಬಾಗಿಲು ತೆರೆದಿಟ್ಟುಕೊಂಡು ಹೊರಗೆ ನಿಲ್ಲಲೂ ನಾನೇ.

ನಮ್ಮಿಬ್ಬರ ಸಂಬಂಧದ ಬಗ್ಗೆ ಒಂದು ಮಾತು ಹೇಳಬೇಕು. ಮೂವತ್ತು ವರ್ಷದಲ್ಲಿ ಮಾಮಿ ನನ್ನನ್ನು ಏನನ್ನೂ ಕೇಳಿದವರಲ್ಲ. ಉಪ್ಪು ಬೇಕಾದರೆ "ಈ ಮನೇಲಿ ಉಪ್ಪು ಮುಗಿದು ಎಷ್ಟು ಕಾಲವಾಯಿತೋ" ಎಂದು ಕಂಬಕ್ಕೆ ಹೇಳುತ್ತಿದ್ದರು. ಕಂಬ ಎದ್ದು ಹೋಗಿ ಉಪ್ಪು ತರುವುದಿಲ್ಲ, ನಾನು ತರುತ್ತಿದ್ದೆ. ತಂದದ್ದು ಕಂಬವೇ ಎಂಬಂತೆ ಅವರು ಊಟ ಮುಂದುವರಿಸುತ್ತಿದ್ದರು. ನಾನೂ ಏನು ಕಡಿಮೆಯವಳಲ್ಲ, ಪಾತ್ರೆ ಕುಕ್ಕಿ ಕುಕ್ಕಿಯೇ ಉತ್ತರ ಕೊಟ್ಟಿದ್ದೇನೆ. ಅಂಥವರು ಈಗ "ಹೆಣ್ಣೆ, ಕೈ ಕೊಡು" ಎಂದು ದಿನಕ್ಕೆ ಹತ್ತು ಸಲ ಕೇಳಬೇಕಾಗಿ ಬಂತು. ಆ ಎರಡು ಮಾತು ಆಡುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ನಾನು ಕೊಟ್ಟ ಚಹಾವನ್ನು ಕಿಟಕಿಯಾಚೆ ಸುರಿಯುತ್ತಿರುವುದು ಕಣ್ಣಿಗೆ ಬಿತ್ತು. ನನಗೆ ಎಲ್ಲಿತ್ತೋ ಸಿಟ್ಟು! "ಏನು ಮಾಮಿ, ನನ್ನ ಚಹಾ ನಾಯಿಯೂ ಕುಡಿಯೋದಿಲ್ಲವಾ?" ಎಂದು ಕೂಗಿದೆ. ಅವರು ಲೋಟ ಕೆಳಗಿಟ್ಟು ಬಹಳ ಸಣ್ಣ ದನಿಯಲ್ಲಿ ಹೇಳಿದರು: "ಕುಡಿದದ್ದು ಒಳಗೇ ಇರೋದಿಲ್ಲವಲ್ಲ ಹೆಣ್ಣೆ. ಮತ್ತೆ ನಿನ್ನ ಕೂಗಬೇಕು."

ಚಹಾ ಬೆಳೆದು ಬದುಕುವವರು ನಾವು. ದಿನವಿಡೀ ಚಹಾದ ಮೇಲೆ ನಿಂತಿದ್ದ ಜೀವ, ನನ್ನನ್ನು ಕೂಗಬೇಕಲ್ಲ ಎಂಬ ಒಂದೇ ಕಾರಣಕ್ಕೆ ಬಾಯಾರಿ ಮಲಗುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. "ಎನಗೆ ಯಾರ ಕೈಯೂ ಇಲ್ಲದೆ ಎದ್ದು ಹೋಗೋಕೆ ಆಗೋ ಹಾಗೆ ಒಂದು ಮಂಚ ಮಾಡಿಕೊಡಿ. ಸಾಕು. ಬೇರೇನೂ ಕೇಳೋದಿಲ್ಲ" ಎಂದರು.

ಬೇರೇನೂ ಕೇಳುವುದಿಲ್ಲ ಎಂದವರು ಕಣ್ಣೊರೆಸಿಕೊಂಡ ಕೂಡಲೇ ಕೇಳಿದರು. "ಮೆತ್ತೆ ಮಾತ್ರ ಜೇಬಿನ ಸ್ಪ್ರಿಂಗಿನದು ಆಗಬೇಕು."

ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಗೂಡಲೂರಿನ ಮಲಯಾಳಿ ಅಜ್ಜಿಯೊಬ್ಬರಿದ್ದರು. ಅವರ ಮಗ ಮನೆಗೆ ಪಾಕೆಟ್ ಸ್ಪ್ರಿಂಗ್ ಹಾಸಿಗೆ ತಂದಿದ್ದಾನಂತೆ, ಒಳಗೆ ಒಂದೊಂದು ಸ್ಪ್ರಿಂಗಿಗೂ ಒಂದೊಂದು ಬಟ್ಟೆಯ ಜೇಬಂತೆ, ಅಂಚಿನಲ್ಲಿ ಕೂತರೂ ಕುಸಿಯುವುದಿಲ್ಲವಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ಆದರೆ ಜಂಬಕ್ಕೆ ಭಾಷೆ ಬೇಡವಲ್ಲ. ಆ ಅಜ್ಜಿಯ ಸೊಂಟ ತಮ್ಮ ಸೊಂಟಕ್ಕಿಂತ ಒಳ್ಳೆಯ ಹಾಸಿಗೆಯ ಮೇಲೆ ಮಲಗುತ್ತದೆಂಬುದು ಮಾಮಿಗೆ ಸಹಿಸಲಾಗದ ವಿಷಯವಾಗಿತ್ತು.

ದುಡ್ಡಿನ ವಿಷಯ ಬಂದಾಗ ನನ್ನ ಗಂಡ ಬಹಳ ಹೊತ್ತು ತಲೆ ಕೆರೆದುಕೊಂಡರು. ತೋಟದ ಗೊಬ್ಬರಕ್ಕೆಂದು ಎತ್ತಿಟ್ಟದ್ದು ಒಂದಷ್ಟಿತ್ತು. "ಅಷ್ಟೇ. ಅದರ ಮೇಲೆ ಒಂದು ಕಾಸೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಹೇಳಿದ್ದಾರೆ" ಎಂದರು. ಹಾಸಿಗೆಯನ್ನೇ ಕೊಳ್ಳಲು ಹೊರಟವರು ಏನನ್ನು ಚಾಚಬೇಕೋ ದೊಡ್ಡವರು ಹೇಳಲಿಲ್ಲ. ಮಂಚವನ್ನಾದರೂ ತಾವೇ ನಮ್ಮ ತೋಟದ ಸಿಲ್ವರ್ ಓಕ್ ಕಡಿದು ಮಾಡುವುದಾಗಿ ಒಂದು ಸಲ ಹೇಳಿ ನೋಡಿದರು. ಅಡುಗೆಮನೆಗೆ ಹಲಗೆ ಹೊಡೆದು ಕೊಡುತ್ತೇನೆ ಎಂದು ಮದುವೆಯಾದ ವರ್ಷ ಹೇಳಿದವರು ಅವರು. ನಾನು ಖಾಲಿ ಗೋಡೆಯ ಕಡೆ ನೋಡಿದೆ. ಅವರು ಬಸ್ಸಿನ ಹೊತ್ತು ವಿಚಾರಿಸಿದರು.

ಊಟಿಯ ಅಂಗಡಿ ದೊಡ್ಡದು. ಒಳಗೆ ಹೋದರೆ ಎಡಕ್ಕೆ ಹಾಸಿಗೆ, ಬಲಕ್ಕೆ ಹಾಸಿಗೆ. ನೋಡಿದರೇ ಆಕಳಿಕೆ ಬರುತ್ತಿತ್ತು. ಮಾರುವವನು ಚೂಟಿ ಮನುಷ್ಯ, ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದ, ತಮಿಳಿನಲ್ಲಿ ಮಳೆ ಸುರಿದ ಹಾಗೆ ಮಾತಾಡುತ್ತಿದ್ದ. ಅಗ್ಗದ್ದರಲ್ಲಿ ಎಲ್ಲ ಸ್ಪ್ರಿಂಗುಗಳನ್ನೂ ಒಂದಕ್ಕೊಂದು ತಂತಿಯಿಂದ ಕಟ್ಟಿರುತ್ತಾರೆ, ಒಂದು ಅಲ್ಲಾಡಿದರೆ ಎಲ್ಲ ಅಲ್ಲಾಡುತ್ತವೆ. ಪಾಕೆಟ್ ಸ್ಪ್ರಿಂಗಿನಲ್ಲಿ ಪ್ರತಿಯೊಂದೂ ಬೇರೆ ಬೇರೆ ಎಂದು ಹೇಳಿ, ಅರ್ಧ ಕತ್ತರಿಸಿಟ್ಟ ಹಾಸಿಗೆಯ ತುಂಡನ್ನು ತೋರಿಸಿದ.

ನನ್ನ ಗಂಡ ಬಗ್ಗಿ ನೋಡಿದರು. "ಓ, ನರ್ಸರಿಯಲ್ಲಿ ಚಹಾ ಸಸಿ ಕವರಿನಲ್ಲಿ ಜೋಡಿಸಿದ ಹಾಗೆ!" ಎಂದು ಉದ್ಗರಿಸಿದರು. ಅಲ್ಲಿಂದ ಮುಂದೆ ಅವರಿಗೆ ಆ ಹಾಸಿಗೆಯ ಮೇಲೆ ಅಪಾರ ನಂಬಿಕೆ ಹುಟ್ಟಿತು.

ಮಾರುವವನು ಸ್ಟೀಲ್ ಲೋಟದಲ್ಲಿ ನೀರು ತುಂಬಿಸಿ ಹಾಸಿಗೆಯ ಒಂದು ಬದಿಗಿಟ್ಟ. "ಸಾರ್, ಆ ಕಡೆ ಧಡ್ ಅಂತ ಕೂತ್ಕೊಳ್ಳಿ. ನೀರು ತುಳುಕೋದೇ ಇಲ್ಲ." ನನ್ನ ಗಂಡ ಚಪ್ಪಲಿ ಬಿಟ್ಟು ಭಕ್ತಿಯಿಂದ ಕೂತರು. ನಿಜ, ನೀರು ತುಳುಕಲಿಲ್ಲ. ಇದೆಂಥ ಮಾಯೆ ಎಂದು ಹತ್ತಿರದಿಂದ ನೋಡಲು ಅವರು ಮಂಡಿಯೂರಿ ಲೋಟದ ಬಳಿಗೇ ತೆವಳಿದರು. ಲೋಟ ಮಗುಚಿ ಹಾಸಿಗೆಯ ಆ ಬದಿಯೆಲ್ಲ ನೀರಾಯಿತು.

"ಲೋಟದ ಕಥೆ ಇರಲಿ, ಮಲಗೋರು ಒಬ್ಬರೇ. ಪಕ್ಕದಲ್ಲಿ ಅಲ್ಲಾಡೋಕೆ ಯಾರೂ ಇಲ್ಲ. ಅಂಚಿನಲ್ಲಿ ಕೂತು ಏಳಬೇಕು, ಅದನ್ನ ಹೇಳಿ" ಎಂದೆ ನಾನು. ಅವನು ಹಾಸಿಗೆಯ ಅಂಚನ್ನು ಅಂಗೈಯಿಂದ ಬಡಿದು, ಇದಕ್ಕೆ ಸುತ್ತಲೂ ಗಟ್ಟಿ ಫೋಮಿನ ಕಟ್ಟು ಇದೆ, ಕೂತರೆ ಕುಸಿಯುವುದಿಲ್ಲ ಎಂದ. ನಾನು ಕೂತೆ, ಎದ್ದೆ. ಮತ್ತೆ ಕೂತೆ, ಎದ್ದೆ. ಕಾಲು ನೆಲಕ್ಕೆ ಚೆನ್ನಾಗಿ ಊರುತ್ತಿತ್ತು. ಕೈ ಊರದೆಯೇ ಏಳಬಹುದಾಗಿತ್ತು. ಇದೇ ಬೇಕಾದದ್ದು ಎಂದು ಮನಸ್ಸಿಗೆ ಖುಷಿಯಾಯಿತು.

ಆಮೇಲೆ ಮಂಚ. ಅಯ್ಯೋ, ಹಾಸಿಗೆಗಿಂತ ಮಂಚವೇ ದುಬಾರಿ ಎಂದು ನನಗೇನು ಗೊತ್ತು! ಪೆಟ್ಟಿಗೆಯ ಹಾಗಿದ್ದ ಮಂಚವೊಂದನ್ನು ಅವನು ಎತ್ತಿ ತೋರಿಸಿದ, ಒಳಗೆ ಕಂಬಳಿ ಸ್ವೆಟರ್ ಎಲ್ಲ ತುಂಬಿಡಬಹುದಂತೆ. ನನ್ನ ಗಂಡನ ಕಣ್ಣು ಅರಳಿತು.

"ಇದರೊಳಗೆ ಎಷ್ಟು ಮೂಟೆ ಹಿಡಿಸುತ್ತೆ?" ಎಂದು ಕೇಳಿದರು.

"ಎಂಥ ಮೂಟೆ ಸಾರ್?"

"ಯೂರಿಯಾ. ಮಳೆಗಾಲದಲ್ಲಿ ಇಡೋಕೆ ಜಾಗ ಇಲ್ಲ, ನೀರು ಕುಡಿದುಬಿಡುತ್ತೆ. ವಾಸನೆ ಮೇಲೆ ಬರುತ್ತಾ?"

ನಾನು ಅವರ ಸ್ವೆಟರಿನ ತೋಳು ಹಿಡಿದು ಪಕ್ಕಕ್ಕೆ ಎಳೆದೆ. "ಹೆತ್ತ ಅವ್ವೆಯನ್ನ ಯೂರಿಯಾ ಮೇಲೆ ಮಲಗಿಸ್ತೀರಾ? ಅವರೇನು ಗಿಡವಾ, ಚಿಗುರೋಕೆ?" ಎಂದೆ. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಕೋಣ ಯಾರೆಂದು ಆ ಅಂಗಡಿಯಲ್ಲಿದ್ದವರಿಗೆಲ್ಲ ಗೊತ್ತಾಯಿತು. ಕೊನೆಗೆ ನಾಲ್ಕು ಕಾಲಿನ ಸಾದಾ ಮರದ ಮಂಚವೊಂದನ್ನು ನಾನೇ ಆರಿಸಿದೆ. ಮೇಲೆ ಒತ್ತೊತ್ತಾಗಿ ಅಡ್ಡಪಟ್ಟಿಗಳಿದ್ದವು, ಸಂದು ದೊಡ್ಡದಾದರೆ ಸ್ಪ್ರಿಂಗ್ ಜಗ್ಗುತ್ತದಂತೆ. ಕೆಳಗೆ ಗಾಳಿಯಾಡುತ್ತದೆ, ನಮ್ಮ ಮಂಜಿನ ಊರಿನಲ್ಲಿ ಬೂಷ್ಟು ಹಿಡಿಯುವುದಿಲ್ಲ.

ಎರಡರ ಬೆಲೆಯೂ ಸೇರಿ ನಮ್ಮ ಕೈಮೀರಿತ್ತು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ನೀರಿಗೆ ಎಷ್ಟು ಕಳೀತೀರಿ?" ಎಂದು ಕೇಳಿದರು. ಚಹಾ ಫ್ಯಾಕ್ಟರಿಯಲ್ಲಿ ಎಲೆ ತೂಕ ಹಾಕುವಾಗ ಎಲೆ ಒದ್ದೆಯಾಗಿದೆ ಎಂದು ನೀರಿನ ಲೆಕ್ಕದಲ್ಲಿ ಒಂದಷ್ಟು ಕಳೆಯುತ್ತಾರೆ. ಜೀವಮಾನವೆಲ್ಲ ಕಳೆಸಿಕೊಂಡವರಿಗೆ ಒಂದು ಸಲವಾದರೂ ತಾವು ಕಳೆಯಬೇಕೆಂಬ ಆಸೆ. ಮಾರುವವನು ಮಿಕಮಿಕ ನೋಡಿದ. ಇವರು ಲೋಟ ಮಗುಚಿದ ಹಾಸಿಗೆಯನ್ನು ತೋರಿಸಿದರು. "ಇದೇ ಒದ್ದೆಯಾಗಿದೆಯಲ್ಲ. ಇದನ್ನೇ ತಗೋತೀವಿ." ಅವನಿಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ಯಜಮಾನನನ್ನು ಕೇಳಿಕೊಂಡು ಬರುತ್ತೇನೆ ಎಂದು ಹೋದ.

ಅವನು ಬರುವಷ್ಟರಲ್ಲಿ ಹಾಸಿಗೆಯ ಒಣ ಬದಿ ನೋಡಿ ನಾನು ಮಲಗಿ ನೋಡೋಣವೆಂದುಕೊಂಡೆ. ದುಡ್ಡು ಕೊಡುವ ಮೊದಲು ಬೆನ್ನಿಗೂ ಒಂದು ಮಾತು ಕೇಳಬೇಕಲ್ಲ. ಮಲಗಿದೆ. ಆಹಾ! ಹುಲ್ಲಿನ ಮೆದೆಯ ಮೇಲೆ ಮಲಗಿದ ಹಾಗಿತ್ತು, ಚುಚ್ಚುವುದು ಮಾತ್ರ ಇಲ್ಲ. ಕಣ್ಣು ಮುಚ್ಚಿ ಕೈಕಾಲು ಚೆಲ್ಲಿದ್ದೆ.

"ಏನಮ್ಮಾ, ಮೈ ಸರಿಯಿಲ್ಲವಾ?"

ಕಣ್ಣು ಬಿಟ್ಟರೆ ತಲೆಗೆ ಬಿಳಿ ರುಮಾಲು ಸುತ್ತಿದ ಹಿರಿಯರು! ಪಕ್ಕದ ಹಟ್ಟಿಯವರು, ಸಂಬಂಧದಲ್ಲಿ ನನಗೆ ಮಾವನಾಗಬೇಕು, ದಿಂಬು ಕೊಳ್ಳಲು ಬಂದಿದ್ದರು. ನಮ್ಮಲ್ಲಿ ಹಿರಿಯರು ಕಂಡರೆ ಎಲ್ಲಿದ್ದರೂ ತಲೆ ಬಾಗಬೇಕು, ಅವರು ತಲೆ ಮುಟ್ಟಿ ಹರಸಬೇಕು. ನಡುರಸ್ತೆಯಾಗಲಿ, ಬಸ್ಸಾಗಲಿ, ತಪ್ಪುವಂತಿಲ್ಲ. ಹಾಸಿಗೆಯ ಮೇಲೆ ಅಂಗಾತ ಬಿದ್ದಿರುವ ಸೊಸೆ ಏನು ಮಾಡಬೇಕೆಂದು ಮಾತ್ರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಾಬರಿಯಲ್ಲಿ ಏಳಹೋಗಿ ಮಗ್ಗುಲಾದೆ, ಮಂಡಿ ಹಿಡಿದುಕೊಂಡಿತು, ತಲೆ ಮಾತ್ರ ಅವರ ಕಡೆಗೆ ಚಾಚಿತು. ಅವರೂ ಸಂಪ್ರದಾಯ ಬಿಡುವವರಲ್ಲ. ಹಾಗೇ ಬಗ್ಗಿ ನನ್ನ ತಲೆಯ ಮೇಲೆ ಕೈಯಿಟ್ಟು, "ಒಳ್ಳೆಯದಾಗಲಿ, ಒಂದು ನೂರಾಗಲಿ, ನೂರು ಸಾವಿರವಾಗಲಿ, ಮನೆ ತುಂಬಲಿ, ಹಟ್ಟಿ ತುಂಬಲಿ" ಎಂದು ನಿಧಾನವಾಗಿ ಪೂರ್ತಿ ಹರಸಿದರು. ಮಲಗಿಕೊಂಡೇ ಹರಕೆ ಪಡೆದವಳು ನಮ್ಮ ನಾಡಿನಲ್ಲಿ ನಾನೊಬ್ಬಳೇ ಇರಬೇಕು. ನನ್ನ ಗಂಡ ಕಂಬದ ಹಿಂದೆ ನಿಂತು ನಗುತ್ತಿದ್ದರು, ಕಳ್ಳ.

ಹರಕೆಯ ಫಲವೋ, ಒದ್ದೆ ಹಾಸಿಗೆಯ ಫಲವೋ, ಯಜಮಾನ ಬೆಲೆ ಇಳಿಸಿದ. ಗೊಬ್ಬರದ ದುಡ್ಡು ಸರಿಯಾಗಿ ಮುಗಿಯಿತು. ಹಾಸಿಗೆಯನ್ನು ಒಣಗಿಸಿ ಕಳಿಸುತ್ತೇವೆ, ಆದರೆ ಒಮ್ಮೆ ಕೊಟ್ಟ ಮಾಲು ವಾಪಸ್ ಇಲ್ಲ ಎಂದು ಎರಡೆರಡು ಸಲ ಹೇಳಿದ. ವಾಪಸ್ ಕೊಡಲು ನಮಗೇನು ಹುಚ್ಚೇ ಎಂದು ನಾನು ಗತ್ತಿನಿಂದ ನಡೆದೆ.

ಹಟ್ಟಿಯವರೆಗೆ ಗಾಡಿ ಬರುವುದಿಲ್ಲ. ರಸ್ತೆಯಲ್ಲಿ ಇಳಿಸಿದ ಮೇಲೆ ಚಹಾ ತೋಟದ ನಡುವಿನ ಕಾಲುದಾರಿಯಲ್ಲಿ ಹೊತ್ತು ತರಬೇಕು. ಸ್ಪ್ರಿಂಗ್ ಹಾಸಿಗೆಯನ್ನು ಮಡಿಚುವಂತಿಲ್ಲವಾದ್ದರಿಂದ ಹಟ್ಟಿಯ ನಾಲ್ವರು ಅದನ್ನು ಹಾಗೇ ತಲೆಯ ಮೇಲೆ ಹೊತ್ತರು. ಅರ್ಧ ದಾರಿಯಲ್ಲಿ ತೋಟದೊಳಗಿಂದ ಒಂದು ಕಾಡೆಮ್ಮೆ ಬಂದು ಅಡ್ಡ ನಿಂತಿತು. ನಮಗೆ ಅದೇನು ಹೊಸದಲ್ಲ, ದಿನಾ ಬರುತ್ತದೆ, ನಾವು ನಿಲ್ಲುತ್ತೇವೆ, ಅದು ಹೋಗುತ್ತದೆ. ಆದರೆ ಕಾಡೆಮ್ಮೆಗೆ ಎಂಟು ಕಾಲಿನ ಬಿಳಿ ಪ್ರಾಣಿ ಹೊಸದು. ಅದು ನೋಡಿತು, ಇವರು ನಿಂತರು. ಇವರೂ ಹೋಗುವುದಿಲ್ಲ, ಅದೂ ಹೋಗುವುದಿಲ್ಲ. ಹೊತ್ತವರಲ್ಲಿ ಒಬ್ಬರಿಗೆ ಸೀನು ಬಂತು. ಹಾಸಿಗೆಯೇ ಸೀನಿತೆಂದು ತಿಳಿದ ಕಾಡೆಮ್ಮೆ ಬಾಲವೆತ್ತಿ ಓಡಿಹೋಯಿತು.

ಮಂಚ ಜೋಡಿಸಿ ಹಾಸಿಗೆ ಹಾಸಿದ್ದಾಯಿತು. ಹಟ್ಟಿಯ ಅರ್ಧ ಜನ ಬಾಗಿಲಲ್ಲಿ ನಿಂತಿದ್ದರು, ಒಬ್ಬೊಬ್ಬರೂ ಬಂದು ಬೆರಳಿಂದ ಒತ್ತಿ ನೋಡಿದರು. ಮಾಮಿ ಆಸ್ಪತ್ರೆಯಿಂದ ತಂದ ನಾಲ್ಕು ಕಾಲಿನ ವಾಕರ್ ಹಿಡಿದುಕೊಂಡು ಮದುಮಗಳ ಹಾಗೆ ಮೆಲ್ಲಗೆ ಬಂದರು. ನಾನೂ ನನ್ನ ಗಂಡನೂ ಹಿಡಿದು ಕೂರಿಸಿದೆವು. ಕೈ ಬಿಟ್ಟೆವು.

ಮಾಮಿಯ ಕಾಲು ನೆಲ ಮುಟ್ಟಲಿಲ್ಲ.

ಎರಡೂ ಪಾದಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ನಾನು ಆ ಪಾದಗಳನ್ನೇ ನೋಡುತ್ತ ನಿಂತೆ. ಅಂಗಡಿಯಲ್ಲಿ ಕೂತು ಎದ್ದು, ಕೂತು ಎದ್ದು ನೋಡಿದವಳು ನಾನು. ನಾನೋ ತೆಂಗಿನ ಮರ. ಮದುವೆಯ ದಿನವೇ "ಈ ಹೆಣ್ಣಿಗೆ ನಮ್ಮ ಬಾಗಿಲು ಸಾಲದು" ಎಂದು ಮಾಮಿಯಿಂದಲೇ ಅನ್ನಿಸಿಕೊಂಡವಳು. ಮಾಮಿ ನನ್ನ ಭುಜಕ್ಕೂ ಬರುವುದಿಲ್ಲ. ಹಾಸಿಗೆಯ ದಪ್ಪ, ಮಂಚದ ಎತ್ತರ, ಬೆಲೆ, ಅಂಚು, ಬೂಷ್ಟು ಎಲ್ಲ ನೋಡಿದೆ, ಮಲಗುವವರ ಕಾಲು ಎಷ್ಟುದ್ದ ಎಂಬುದು ನೆನಪಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಾಮಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಂದವರ ಮುಂದೆ "ಮೆತ್ತೆ ಬಲು ಚೆನ್ನ" ಎಂದು ಕೈಯಲ್ಲಿ ಸವರಿದರು. ಜನ ಹೋದ ಮೇಲೆ ಕಂಬದ ಕಡೆ ತಿರುಗದೆ ನೇರ ನನಗೇ ಹೇಳಿದರು: "ಹೆಣ್ಣೆ, ಕೈ ಕೊಡು. ಇಳಿಸು."

ನಾನು ಅಡುಗೆಮನೆಗೆ ಹೋಗಿ ಅತ್ತೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಗಂಡನನ್ನು ಕರೆದು, "ಮಂಚದ ಕಾಲು ಕಡೀರಿ" ಎಂದೆ. "ಹೊಸ ಮಂಚ!" ಎಂದರು. "ಹೊಸದಾದರೇನು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ಹಾಗೇ ಇಟ್ಟು ಪೂಜೆ ಮಾಡೋದಾ?" ಎಂದೆ. ಆ ಮಾತು ಅವರಿಗೆ ನಾಟಿತು.

ಮಾಮಿಗೆ ಒಂದು ಮರದ ಕುರ್ಚಿಯಿಂದ ಮಾತ್ರ, ಅದರ ಕೈ ಹಿಡಿದುಕೊಂಡು, ಸ್ವಲ್ಪ ಸುಲಭವಾಗಿ ಏಳಲು ಬರುತ್ತಿತ್ತು. ಆ ಎತ್ತರಕ್ಕೂ ಹೊಸ ಹಾಸಿಗೆಯ ಎತ್ತರಕ್ಕೂ ಹತ್ತಿರ ಹತ್ತಿರ ಅರ್ಧ ಗೇಣು ವ್ಯತ್ಯಾಸ. ಮಾಮಿ ತಾವೇ ದೇವರ ಮುಂದಿನ ವಿಭೂತಿ ತರಿಸಿ, ಕುರ್ಚಿಯಲ್ಲಿ ಕೂತು, ಮಗುಚಿಟ್ಟ ಮಂಚದ ನಾಲ್ಕು ಕಾಲಿಗೂ ಬೆರಳಿಂದ ಗೆರೆ ಎಳೆದರು. "ಇಲ್ಲಿಗೆ."

ಚಹಾ ಗಿಡ ಎತ್ತರ ಹೋದಾಗ ಕೊಂಬೆಗಳನ್ನು ಕಡಿದು ತಗ್ಗಿಸುತ್ತಾರೆ, ಅದಕ್ಕೆ ನಮ್ಮ ಕಡೆ ಕವಾತ್ತು ಎಂದು ಹೆಸರು. ಕವಾತ್ತಿನಲ್ಲಿ ನನ್ನ ಗಂಡನ ಕೈಯನ್ನು ಮೀರಿಸಿದವರು ಹಟ್ಟಿಯಲ್ಲಿಲ್ಲ. ಅದೇ ಗರಗಸ ತಂದರು. ಅಂಗಳದಲ್ಲಿ ಮಂಚದ ಸುತ್ತ ಒಂದು ಸುತ್ತು ಹಾಕಿದರು, ಕಣ್ಣು ಕಿರಿದು ಮಾಡಿ ನೋಡಿದರು, ಉಸಿರು ಬಿಗಿಹಿಡಿದು ಶುರುಮಾಡಿದರು. ಜರ್ ಜರ್ ಎಂದು ನಾಲ್ಕೂ ಕಾಲು ಮುಗಿದದ್ದೇ ಗೊತ್ತಾಗಲಿಲ್ಲ. ಬೆವರೊರೆಸಿಕೊಂಡು ಹೆಮ್ಮೆಯಿಂದ ಮಂಚವನ್ನು ನೆಟ್ಟಗೆ ನಿಲ್ಲಿಸಿದರು.

ಮಂಚ ಕುಡಿದವರ ಹಾಗೆ ವಾಲಿತು. ಇತ್ತ ನೂಕಿದರೆ ಅತ್ತ, ಅತ್ತ ನೂಕಿದರೆ ಇತ್ತ. ಮಗುಚಿ ನೋಡಿದರೆ ನಾಲ್ಕು ಕಾಲನ್ನೂ ಓರೆಯಾಗಿ ಕೊಯ್ದಿದ್ದರು! ಕೊಂಬೆಯನ್ನು ಕವಾತ್ತು ಮಾಡುವಾಗ ಓರೆಯಾಗಿಯೇ ಕಡಿಯಬೇಕು, ಇಲ್ಲದಿದ್ದರೆ ಕಡಿದ ಜಾಗದಲ್ಲಿ ಮಳೆನೀರು ನಿಂತು ಕೊಳೆಯುತ್ತದೆ. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಓರೆ ತಿರುಗಿತ್ತು.

"ಅಲ್ಲ ರೀ, ಮಂಚದ ಕಾಲಿಗೆ ಮಳೆನೀರು ಎಲ್ಲಿಂದ ನಿಲ್ಲುತ್ತೆ?" ಎಂದು ನಾನು ಹಣೆ ಬಡಿದುಕೊಂಡೆ.

ಅವರು ಗರಗಸವನ್ನೇ ದಿಟ್ಟಿಸುತ್ತ ನಿಂತಿದ್ದರು. ಮಾಮಿ ಮಗನನ್ನು ಬಿಟ್ಟುಕೊಡುವರೇ? ಕುರ್ಚಿಯಿಂದಲೇ, "ಸುಮ್ಮನಿರು ಹೆಣ್ಣೆ. ಎನ್ನ ಮಗ ಕವಾತ್ತು ಮಾಡಿದ್ದು ಚಿಗುರದೆ ಇದ್ದದ್ದಿಲ್ಲ. ಒಂದು ಮಳೆ ಬರಲಿ, ನಾಲ್ಕೂ ಕಾಲು ಬೆಳೆಯುತ್ತೆ" ಎಂದರು. ಬಿದ್ದ ದಿನದಿಂದ ಅವರ ಬಾಯಲ್ಲಿ ಬಂದ ಮೊದಲ ತಮಾಷೆ ಅದು. ಮೂವರೂ ನಕ್ಕೆವು. ನನ್ನ ಗಂಡನಂತೂ ಮಂಚ ಹಿಡಿದುಕೊಂಡು ನಕ್ಕರು, ಮಂಚವೂ ಅವರ ಜೊತೆ ಅಲ್ಲಾಡಿತು.

ಓರೆಯನ್ನು ಸಮ ಮಾಡಲು ಇನ್ನಷ್ಟು ಕೊಯ್ಯಬೇಕಾಯಿತು, ಗುರುತಿಗಿಂತ ಒಂದು ಬೆರಳು ಕಡಿಮೆಯಾಯಿತು. ಮಾಮಿಗೆ ಅದೇ ಬೇಕಿತ್ತೋ ಏನೋ. ತಮ್ಮ ಹಳೆಯ ಕಂಬಳಿಯನ್ನು ಹೊಸ ಹಾಸಿಗೆಗೆ ಸೇರಿಸಬೇಕೆಂದು ಬೆಳಿಗ್ಗೆಯಿಂದ ಹೇಳುತ್ತಿದ್ದರು, ಆ ಹೊಗೆ ವಾಸನೆ ಬೇಡವೆಂದು ನಾನು ತಡೆದಿದ್ದೆ. ಈಗ ಮಂಚವನ್ನು ಒಳಗಿಟ್ಟು ಆ ಕಂಬಳಿಯನ್ನೇ ಮಡಿಸಿ ಹಾಸಿಗೆಯ ಅಡಿಗೆ ಹಾಸಿದೆವು. ಬೆರಳು ಸರಿಹೋಯಿತು, ಮಾಮಿ ಗೆದ್ದರು.

ಮತ್ತೆ ಕೂರಿಸಿದೆವು. ಈ ಸಲ ಪಾದಗಳೆರಡೂ ನೆಲದ ಮೇಲೆ ಪೂರ್ತಿ ಊರಿದವು. ಮಾಮಿ ಹೆಬ್ಬೆರಳು ಅಲ್ಲಾಡಿಸಿ ನೋಡಿಕೊಂಡರು. ವಾಕರನ್ನು ಮುಂದಕ್ಕೆ ಎಳೆದುಕೊಂಡರು. ನಾನು ಅಭ್ಯಾಸದಂತೆ ಕೈ ಚಾಚಿದೆ.

"ಮುಟ್ಟಬೇಡ."

ಹಾಸಿಗೆಯ ಅಂಚಿಗೆ ಕೈಯೂರಿ ಮೈ ಮುಂದಕ್ಕೆ ಬಾಗಿಸಿದರು. ಎದ್ದರು ಎನ್ನುವಷ್ಟರಲ್ಲಿ ಧೊಪ್ಪನೆ ಕೂತರು. ನನ್ನ ಗಂಡ "ಅವ್ವೇ" ಎಂದರು. ನಾನು ಅವರನ್ನು ಗದರಿ ಸುಮ್ಮನಾಗಿಸಿದೆ. ಮಾಮಿ ತುಟಿ ಕಚ್ಚಿಕೊಂಡು ಇನ್ನೊಂದು ಸಲ ಬಾಗಿದರು. ನಡುಗುತ್ತ, ನಡುಗುತ್ತ, ಮಂಡಿ ನೆಟ್ಟಗಾಯಿತು. ನಿಂತರು.

ಯಾರ ಮುಖವನ್ನೂ ನೋಡದೆ ಟಕ್ ಟಕ್ ಎಂದು ವಾಕರ್ ಊರುತ್ತ ಬಚ್ಚಲ ಕಡೆ ಹೋದರು. ಬಾಗಿಲು ಮುಚ್ಚಿತು. ಆಮೇಲೆ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ನನ್ನ ಗಂಡ ಮೂಗೊರೆಸಿಕೊಂಡು, ಹಟ್ಟಿಗೆಲ್ಲ ಸುದ್ದಿ ಹೇಳಲು ಹೊರಗೆ ಓಡಿದರು.

ನಾನು ಆ ಮಂಚದ ಮೇಲೇ ಕುಸಿದು ಕೂತೆ. ಕೂತವಳು ಹಾಗೇ ಬೆನ್ನು ಚಾಚಿದೆ. ಎಷ್ಟು ಸುಖವಾಗಿತ್ತೆಂದರೆ ಕಣ್ಣೀರು ಕಿವಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಬೇಕೆನ್ನಿಸಲಿಲ್ಲ.

ಬಚ್ಚಲಿನ ಬಾಗಿಲು ತೆರೆದ ಸದ್ದಾದಾಗ ಗಡಬಡಿಸಿ ಎದ್ದು ಕೂತೆ. ಅಷ್ಟೇ, ಅಲ್ಲಿಂದ ಮೇಲಕ್ಕೆ ಬರಲಾಗಲಿಲ್ಲ. ಮಾಮಿಯ ಕಾಲಿಗೆ ತಕ್ಕಂತೆ ಕೊಯ್ದ ಮಂಚ ನನ್ನ ಉದ್ದ ಕಾಲಿಗೆ ಎಲ್ಲಿ ಸಾಕು? ಮಂಡಿ ಎದೆಯ ಹತ್ತಿರ ಬಂದಿತ್ತು. ಇಳಿಜಾರಿನಲ್ಲಿ ಎಲೆ ಕೊಯ್ದು ಕೊಯ್ದು ಸವೆದ ಮಂಡಿ, ಏಳು ಎಂದರೆ ಏಳುವುದಿಲ್ಲ. ಒಂದು ಸಲ ಪ್ರಯತ್ನಿಸಿದೆ, ಹಿಂದಕ್ಕೆ ಬಿದ್ದೆ. ಇನ್ನೊಂದು ಸಲ, ಮತ್ತೆ ಬಿದ್ದೆ.

ಮಾಮಿ ಎದುರಿಗೆ ಬಂದು ನಿಂತು ನೋಡುತ್ತಿದ್ದರು. ಮುಖದಲ್ಲಿ ಆ ಹಳೆಯ ಗತ್ತು. "ಏಳು ಹೆಣ್ಣೆ, ಅದು ಎನ್ನ ಮಂಚ" ಎಂದರು.

"ಏಳೋಕಾಗ್ತಿಲ್ಲ ಮಾಮಿ."

ಅವರು ಒಂದು ಕೈಯಲ್ಲಿ ವಾಕರನ್ನು ಭದ್ರವಾಗಿ ಹಿಡಿದುಕೊಂಡು ಇನ್ನೊಂದು ಕೈ ಚಾಚಿದರು. "ಹಿಡಕೋ."

ಹಿಡಿದುಕೊಂಡೆ. ಒಣಗಿದ, ತಣ್ಣಗಿನ, ಹಕ್ಕಿಯಷ್ಟು ಹಗುರದ ಕೈ. ಆ ಕೈಯಲ್ಲಿ ನನ್ನನ್ನು ಎತ್ತುವ ಬಲ ಎಲ್ಲಿತ್ತು? ಅವರ ಮೇಲೆ ಭಾರ ಬೀಳದ ಹಾಗೆ ನಾನು ಇನ್ನೊಂದು ಕೈಯನ್ನು ಮಂಚದ ಅಂಚಿಗೆ ಒತ್ತಿ, ಹಲ್ಲು ಕಚ್ಚಿ ಎದ್ದು ನಿಂತೆ. ನಿಂತ ಮೇಲೂ ಅವರು ನನ್ನ ಕೈ ಬಿಡಲಿಲ್ಲ.

"ನೋಡಿದೆಯಾ? ನಾ ಇಲ್ಲದಿದ್ದರೆ ನೀ ಏಳುತ್ತಿದ್ದೆಯಾ?" ಎಂದರು.

"ಇಲ್ಲ ಮಾಮಿ" ಎಂದೆ. ಈ ಮನೆಗೆ ಬಂದ ಮೇಲೆ ಅವರ ಮಾತನ್ನು ಎದುರಾಡದೆ ನಾನು ಒಪ್ಪಿಕೊಂಡದ್ದು ಅದೇ ಮೊದಲು.